ಬಲಗಡೆ ಹೂ ಬಿದ್ದ ಮೇಲೆ

ಪಾಂಡವಪುರದತ್ತ ಹೋಗುವಾಗ ಕಬ್ಬಿನ ಗದ್ದೆಗಳ ಆಚೆ ಎರಡು ಬಂಡೆಗುಡ್ಡಗಳು ಒತ್ತೊತ್ತಾಗಿ ಕಾಣಿಸುತ್ತವೆ. ಅದೇ ಕುಂತಿಬೆಟ್ಟ. ಟಿಪ್ಪುವಿನ ಕಡೆಯ ಫ್ರೆಂಚ್ ಸಿಪಾಯಿಗಳು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರ ದಫ್ತರಗಳಲ್ಲಿ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹಳಬರ ಬಾಯಲ್ಲಿ ಹಿರೋಡೆ. ಎರಡನ್ನೂ ಬದಿಗೊತ್ತಿ ಕೊನೆಗೆ ಉಳಿದದ್ದು, ಪಾಂಡವರು ತಾಯಿಯೊಡನೆ ಇಲ್ಲಿ ತಂಗಿದ್ದರು ಎಂಬ ಸ್ಥಳಪುರಾಣ.

ಆ ತಾಯಿಯ ಕತೆ ಎಲ್ಲರಿಗೂ ಗೊತ್ತಿದೆ. ಹೆಂಡತಿಯನ್ನು ಸೇರಿದರೆ ಸಾವು ಎಂಬ ಶಾಪ ಪಾಂಡುವಿಗೆ. ಗಂಡನ ಒಪ್ಪಿಗೆಯ ಮೇಲೆ ಕುಂತಿ ಯಮ, ವಾಯು, ಇಂದ್ರರಿಂದ ಮೂವರನ್ನು ಹೆತ್ತಳು. ದೇವತೆಗಳನ್ನು ಕರೆಯುವ ಆ ಮಂತ್ರವನ್ನು ಸವತಿಗೂ ಹೇಳಿಕೊಟ್ಟಳು, ಮಾದ್ರಿಗೆ ಅಶ್ವಿನಿ ದೇವತೆಗಳಿಂದ ಅವಳಿ ಮಕ್ಕಳಾದವು. ಐವರಲ್ಲಿ ಒಬ್ಬನೂ ಪಾಂಡುವಿಗೆ ಹುಟ್ಟಿದವನಲ್ಲ. ಐವರೂ ಪಾಂಡವರೇ.

ಇಷ್ಟು ಹೇಳಿದ ಕೂಡಲೇ ಸಭೆಯಲ್ಲಿ ಯಾರಾದರೊಬ್ಬರು ಎದ್ದು, ‘ನೋಡಿ ಸಾರ್, ನಮ್ಮಲ್ಲಿ ಆಗಲೇ ಐವಿಎಫ್ ಇತ್ತು’ ಎನ್ನುತ್ತಾರೆ. ಇರಲಿಲ್ಲ. ಐವಿಎಫ್ ಎಂದರೆ ಅಂಡ ವೀರ್ಯಗಳನ್ನು ದೇಹದ ಹೊರಗೆ, ಲ್ಯಾಬಿನಲ್ಲಿ ಸೇರಿಸುವುದು. ಕೌರವರು ಬೆಳೆದರೆನ್ನುವ ಗಾಂಧಾರಿಯ ಕೊಡಗಳಲ್ಲಿದ್ದದ್ದು ತುಪ್ಪ. ಕತೆ ನಮಗೆ ಬಿಟ್ಟುಹೋಗಿರುವುದು ಒಂದು ಪ್ರಶ್ನೆಯನ್ನು: ಬೀಜ ಒಬ್ಬರದು, ಬಸಿರು ಇನ್ನೊಬ್ಬರದು, ಹೆಸರು ಮತ್ತೊಬ್ಬರದು ಎಂದಾದರೆ ಮಗು ಯಾರದು? ಶ್ರೀರಂಗಪಟ್ಟಣದಿಂದಲೋ ಕೆ.ಆರ್. ಪೇಟೆಯಿಂದಲೋ ಬೆಳಗಿನ ಬಸ್ಸು ಹಿಡಿದು ಮೈಸೂರಿಗೆ ಬಂದು, ಫೈಲನ್ನು ಎದೆಗವಚಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಜೋಡಿಯ ತಲೆಯಲ್ಲೂ ಇರುವುದು ಇದೇ ಪ್ರಶ್ನೆ.

ಆ ಬೆಂಚಿಗೆ ಬರುವ ಮೊದಲು ಅವರು ಬೇಕಾದಷ್ಟು ಕಡೆ ಹೋಗಿಬಂದಿರುತ್ತಾರೆ. ಅರಳಿಕಟ್ಟೆಯ ನಾಗರಕಲ್ಲಿಗೆ ಹಾಲು ಎರೆದಿರುತ್ತಾರೆ, ಗಂಜಾಮಿನ ನಿಮಿಷಾಂಬೆಗೆ ಹರಕೆ ಹೊತ್ತಿರುತ್ತಾರೆ, ಚುಂಚನಗಿರಿಯ ಭೈರವನ ಮೆಟ್ಟಿಲು ಹತ್ತಿರುತ್ತಾರೆ. ಮೇಲುಕೋಟೆಯಲ್ಲಿ ಕಾರ್ತಿಕದಲ್ಲಿ ನಡೆಯುವ ಅಷ್ಟತೀರ್ಥೋತ್ಸವಕ್ಕೆ ಮಕ್ಕಳಿಲ್ಲದವರ ಜಾತ್ರೆ ಎಂದೇ ಹೆಸರು. ಬೆಟ್ಟದ ಸುತ್ತಲಿನ ಎಂಟು ಕೊಳಗಳಲ್ಲಿ ಗಂಡಹೆಂಡಿರು ಒಂದಾದ ಮೇಲೊಂದರಂತೆ ಮಿಂದು, ಒದ್ದೆ ಬಟ್ಟೆಯಲ್ಲೇ ಮುಂದಿನ ಕೊಳಕ್ಕೆ ನಡೆಯುತ್ತಾರೆ. ಜಾತ್ರೆ ಸೇರುವ ಜಾಗದ ಹೆಸರೇ ತೊಟ್ಟಿಲಮಡು. ಇದಾವುದೂ ಆಗದೆ ಆಸ್ಪತ್ರೆಯೇ ಗತಿ ಎಂದು ನಿಶ್ಚಯವಾದರೂ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಮನೆದೇವರ ಮುಂದೆ ಹೂ ಕೇಳುವ ಶಾಸ್ತ್ರ ಬಾಕಿ ಇರುತ್ತದೆ. ಬಲಗಡೆ ಬಿದ್ದರೆ ಹೊರಡು, ಎಡಗಡೆ ಬಿದ್ದರೆ ತಡಿ.

ಹೂ ಕೇಳುವುದರ ಬಗ್ಗೆ ನನಗೆ ತಕರಾರಿಲ್ಲ. ತಡೆಯುವುದರ ಬಗ್ಗೆ ಇದೆ. ವರ್ಷವಿಡೀ ಯಾವ ತಡೆಯೂ ಇಲ್ಲದೆ ಕೂಡಿದರೂ ಬಸಿರಾಗದಿದ್ದರೆ ವೈದ್ಯರು ಅದನ್ನು ಬಂಜೆತನ ಎಂದು ಲೆಕ್ಕ ಹಿಡಿಯುತ್ತಾರೆ. ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗೇ ತಪಾಸಣೆಗೆ ಬನ್ನಿ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಇದನ್ನು ಅನುಭವಿಸುತ್ತಾರೆ. ಹೆಣ್ಣುಮಗು ತನ್ನ ಪಾಲಿನ ಅಂಡಗಳನ್ನೆಲ್ಲ ಹೊತ್ತುಕೊಂಡೇ ಹುಟ್ಟುತ್ತದೆ, ಹುಟ್ಟುವಾಗ ಹತ್ತಿಪ್ಪತ್ತು ಲಕ್ಷ. ಆಮೇಲೆ ಕಳೆಯುವ ಲೆಕ್ಕವೇ ಹೊರತು ಕೂಡುವ ಲೆಕ್ಕವಿಲ್ಲ. ಮೂರು ವರ್ಷ ಹರಕೆಗೆ, ಎರಡು ವರ್ಷ ನಾಟಿ ಔಷಧಿಗೆ ಹೋದರೆ ಉಳಿದ ಅಂಡಗಳ ಸಂಖ್ಯೆಯೂ ಗುಣವೂ ಇಳಿದಿರುತ್ತವೆ.

ಧರ್ಮ ಮತ್ತು ಚಿಕಿತ್ಸೆ ಎಂದಾಗ ಜನ ಇವೆರಡನ್ನೂ ಒಂದೊಂದು ಗಟ್ಟಿ ಬಂಡೆಯಂತೆ ನೋಡುತ್ತಾರೆ. ‘ನಮ್ಮಲ್ಲಿ ಅದೆಲ್ಲ ಆಗಲ್ಲ’ ಎಂದು ಎದ್ದುಹೋಗುವವರಿದ್ದಾರೆ. ‘ಡಾಕ್ಟರು ಹೇಳಿದಂಗೆ’ ಎಂದು ಕಣ್ಣುಮುಚ್ಚಿ ಸಹಿ ಹಾಕುವವರೂ ಇದ್ದಾರೆ. ಚಿಕಿತ್ಸೆ ಮೇಲುಕೋಟೆ ಬೆಟ್ಟದ ಹಾಗೆ, ಮೆಟ್ಟಿಲು ಮೆಟ್ಟಿಲಾಗಿದೆ. ಯಾವ ಧರ್ಮದ ಆಕ್ಷೇಪವನ್ನು ಬಿಡಿಸಿ ನೋಡಿದರೂ ಅದು ನಿಂತಿರುವುದು ಒಂದೆರಡು ಮೆಟ್ಟಿಲ ಮೇಲೆ ಮಾತ್ರ. ಯಾವ ಮೆಟ್ಟಿಲು ಎಂದು ಗೊತ್ತಾದರೆ ಅಲ್ಲಿ ನಿಲ್ಲಬಹುದು, ಕೆಲವೊಮ್ಮೆ ಬಳಸಿಕೊಂಡೂ ಹೋಗಬಹುದು.

ಮೊದಲ ಮೆಟ್ಟಿಲನ್ನು ಈ ಮಂಡ್ಯ ಜಿಲ್ಲೆಯ ರೈತರಿಗೆ ವಿವರಿಸಬೇಕಾಗಿಯೇ ಇಲ್ಲ. ಹಸು ಬೆದೆಗೆ ಬಂದರೆ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸುವುದು ಅವರಿಗೆ ಹಾಲು ಕರೆದಷ್ಟೇ ಸಹಜ. ಹೋರಿಯ ವೀರ್ಯ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದನ್ನು, ಹೊಗೆಯಾಡುವ ಆ ಕ್ಯಾನನ್ನು ನೋಡಿಯೇ ಅವರು ಬಲ್ಲರು. ಗೆಜ್ಜಲಗೆರೆಯ ಮನ್‌ಮುಲ್‌ ಡೇರಿಗೆ ಹೋಗುವ ಹಾಲಿನ ಹಿಂದೆ ಈ ತಂತ್ರವಿದೆ. 1949ರಲ್ಲಿ ಇಂಗ್ಲೆಂಡಿನ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಗ್ಲಿಸರಿನ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಎಂದು ಕಂಡುಕೊಂಡದ್ದು ಇದಕ್ಕೆಲ್ಲ ಮೂಲ. ಮನುಷ್ಯರಲ್ಲಿ ಇದೇ ಕೆಲಸಕ್ಕೆ ಐಯುಐ ಎನ್ನುತ್ತಾರೆ: ಗಂಡನ ವೀರ್ಯವನ್ನು ತೊಳೆದು, ಚುರುಕಾದ ವೀರ್ಯಾಣುಗಳನ್ನು ಬೇರ್ಪಡಿಸಿ, ಸಣ್ಣ ನಳಿಕೆಯಿಂದ ಗರ್ಭಕೋಶಕ್ಕೆ ಬಿಡುವುದು. ಕೊಟ್ಟಿಗೆಯಲ್ಲಿ ಯಾರೂ ಹೋರಿಯ ಕುಲ ಕೇಳುವುದಿಲ್ಲ (ತಪ್ಪು, ಕೇಳುತ್ತಾರೆ, ಹಳ್ಳಿಕಾರ್ ತಳಿ ಕಟ್ಟಿದವರು ಚೆನ್ನಾಗಿಯೇ ಕೇಳುತ್ತಾರೆ). ಮನೆಯೊಳಗೆ ಬಂದಾಗ ಆ ಪ್ರಶ್ನೆ ಹತ್ತುಪಟ್ಟು ತೂಕದ್ದಾಗುತ್ತದೆ.

ಅದಕ್ಕೂ ಮುಂಚೆ ಗಂಡಸಿನ ಪರೀಕ್ಷೆಯಾಗಬೇಕು. ಇಲ್ಲಿ ಧರ್ಮಕ್ಕಿಂತ ಮೀಸೆ ಅಡ್ಡ ಬರುವುದೇ ಹೆಚ್ಚು. ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ತೊಂದರೆಯೂ ಸೇರಿರುತ್ತದೆ. ‘ಗೊಡ್ಡು’ ಎಂಬ ಮಾತು ಮಾತ್ರ ಹೆಣ್ಣಿಗೇ ಅಂಟಿಕೊಂಡಿದೆ. ಎರಡರಿಂದ ಏಳು ದಿನ ತಡೆದು ಕೊಟ್ಟ ಮಾದರಿಯಲ್ಲಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ನೂರಕ್ಕೆ 42 ಚಲಿಸುವಂಥವು. ಇದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಗುರುತಿಸಿದ ಕೆಳಗಿನ ಗೆರೆ. ವೀರ್ಯಾಣು ತಯಾರಾಗಲು ವೃಷಣ ಮೈಗಿಂತ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಿರಬೇಕು. ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗಿನ ಒಲೆಯ ಬಾಯಿಗೆ ದಿನವಿಡೀ ಕಬ್ಬಿನ ಸಿಪ್ಪೆ ತುಂಬುತ್ತ ಕೂರುವ ಆಳು ಡಾಕ್ಟರಿಗೆ ತನ್ನ ಕಸುಬು ಹೇಳಿಕೊಳ್ಳುವುದು ಒಳ್ಳೆಯದು. ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳು ಬೇಕು. ಆದ್ದರಿಂದ ಕೆಲಸ ಬದಲಿಸಿದರೂ ಫಲ ಕಾಣಲು ಮೂರು ತಿಂಗಳಾದರೂ ಕಾಯಬೇಕು.

ಮಾದರಿ ಕೊಡುವ ರೀತಿಯಲ್ಲಿ ನಿಜವಾದ ಧಾರ್ಮಿಕ ತೊಡಕಿದೆ. ಕ್ಯಾಥೊಲಿಕ್ ಬೋಧನೆಯಲ್ಲಿ ಹಸ್ತಮೈಥುನ ನಿಷಿದ್ಧ. ಯಹೂದಿ ಸಂಪ್ರದಾಯದಲ್ಲೂ ಮುಸ್ಲಿಮರ ಹಲವು ಪಂಥಗಳಲ್ಲೂ ಅದಕ್ಕೆ ಸಮ್ಮತಿಯಿಲ್ಲ, ಚಿಕಿತ್ಸೆಗಾದರೆ ಸರಿ ಎನ್ನುವ ವಿದ್ವಾಂಸರು ಇದ್ದಾರೆ. ಬಳಸುದಾರಿ ಸರಳವಾಗಿದೆ. ಮನೆಯಲ್ಲಿ ಗಂಡಹೆಂಡಿರು ಕೂಡುವಾಗಲೇ ವೀರ್ಯಾಣುವಿಗೆ ವಿಷವಾಗದ ವಿಶೇಷ ನಿರೋಧ್ ಬಳಸಿ, ಅದರಲ್ಲಿ ಉಳಿದದ್ದನ್ನು ಲ್ಯಾಬಿಗೆ ತರುವುದು. ಅದಕ್ಕೊಂದು ಸೂಜಿತೂತು ಮಾಡಿದ್ದರೆ ಗರ್ಭನಿರೋಧವಾಯಿತೆಂಬ ಆಕ್ಷೇಪವೂ ತಪ್ಪುತ್ತದೆ. ಔಷಧಿ ಅಂಗಡಿಯ ಮಾಮೂಲಿ ನಿರೋಧ್ ಆಗದು, ಅದು ವೀರ್ಯಾಣುಗಳನ್ನು ಕೆಡಿಸುತ್ತದೆ. ಈ ದಾರಿ ಇದೆ ಎಂದು ಜನರಿಗೆ ತಾನಾಗಿ ಹೇಳುವ ಕ್ಲಿನಿಕ್ಕು ಕಡಿಮೆ. ಕೇಳಬೇಕು.

ಕ್ಯಾಲೆಂಡರಿನ ತೊಡಕು ಇನ್ನೊಂದು ಬಗೆಯದು. ತಿಂಗಳಲ್ಲಿ ಬಸಿರು ನಿಲ್ಲಬಹುದಾದ ದಿನಗಳು ಸುಮಾರು ಆರೇ: ಅಂಡ ಹೊರಬೀಳುವ ದಿನ ಮತ್ತು ಅದರ ಹಿಂದಿನ ಐದು. ಮುಟ್ಟು ನಿಂತ ಮೇಲೂ ಏಳು ಶುದ್ಧ ದಿನ ಎಣಿಸಿ ಮಿಂದ ನಂತರವೇ ಕೂಡಬೇಕೆಂಬ ನಿಯಮ ಪಾಲಿಸುವ ಯಹೂದಿ ಹೆಂಗಸರಲ್ಲಿ ಕೆಲವರಿಗೆ, ಆ ದಿನ ಬರುವಷ್ಟರಲ್ಲಿ ಅಂಡ ಬಂದುಹೋಗಿರುತ್ತದೆ. ದೇಹಕ್ಕೆ ರೋಗವಿಲ್ಲ, ಮಕ್ಕಳೂ ಇಲ್ಲ. ಅಲ್ಲಿನ ವೈದ್ಯರು ನಿಯಮದ ಜೊತೆ ಜಗಳಕ್ಕೆ ನಿಲ್ಲದೆ, ಈಸ್ಟ್ರೋಜನ್ ಕೊಟ್ಟು ಅಂಡ ಬಿಡುಗಡೆಯನ್ನೇ ಕೆಲವು ದಿನ ಮುಂದೂಡುತ್ತಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅಯ್ಯಪ್ಪನ ಮಾಲೆ. 41 ದಿನದ ಬ್ರಹ್ಮಚರ್ಯವೆಂದರೆ ಒಂದೋ ಎರಡೋ ಋತುಚಕ್ರ ಖಾಲಿ. ಚಿಕಿತ್ಸೆಯಲ್ಲಿರುವವನು ಮಾಲೆ ಹಾಕುವ ವರ್ಷವನ್ನು ಡಾಕ್ಟರ ಕ್ಯಾಲೆಂಡರಿನ ಪಕ್ಕದಲ್ಲಿಟ್ಟು ನೋಡಿಕೊಂಡರೆ ಸಾಕು. ಹೆಂಗಸಿನ ಪಾಡು ಬೇರೆ. ಐವಿಎಫ್‌ನ ಮೊದಲ ಸ್ಕ್ಯಾನು, ಮೊದಲ ಚುಚ್ಚುಮದ್ದು ಸಾಮಾನ್ಯವಾಗಿ ಮುಟ್ಟಾದ ಎರಡನೇ ಅಥವಾ ಮೂರನೇ ದಿನ. ಹೊರಗಾದವಳು ಮೂರು ದಿನ ಮೂಲೆಯಲ್ಲೇ ಕೂರಬೇಕೆನ್ನುವ ಮನೆಯಲ್ಲಿ ಅವಳು ಅದೇ ದಿನ ಸೀರೆ ಉಟ್ಟು ಮೈಸೂರಿಗೆ ಹೊರಟರೆ ಇಡೀ ಬೀದಿಗೆ ಎರಡು ಗುಟ್ಟು ಒಟ್ಟಿಗೆ ರಟ್ಟಾದಂತೆ. ರಂಜಾನಿನಲ್ಲಿ ಉಪವಾಸವಿರುವ ಹೆಂಗಸಿಗೆ ಪೋಷಣೆ ಕೊಡದ ಚುಚ್ಚುಮದ್ದಿನಿಂದ ರೋಜಾ ಮುರಿಯುವುದಿಲ್ಲ ಎಂಬುದು ಬಹುಪಾಲು ಉಲೇಮಾಗಳ ಮಾತು. ಯೋನಿಯಲ್ಲಿಡುವ ಮಾತ್ರೆಗಳ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ರಾತ್ರಿ ಹೊತ್ತಿಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿದರೆ ಅಲ್ಲಿಗೆ ಮುಗಿಯಿತು.

ಇನ್ನು ಔಷಧಿ. ಮೇಲುಕೋಟೆಯ ಅಯ್ಯಂಗಾರ್ ಮನೆಗೂ ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯ ಹಿಂದಿನ ಮನೆಗೂ ಇಲ್ಲಿ ಒಂದೇ ಕಳವಳ, ಕಾರಣ ಬೇರೆ ಅಷ್ಟೇ. ಮತ್ತೆ ಮತ್ತೆ ಗರ್ಭ ಇಳಿಯುವವರಲ್ಲಿ ಕೆಲವರಿಗೆ ರಕ್ತ ತೆಳುವಾಗಲು ಕೊಡುವ ಹೆಪಾರಿನ್, ಅದರ ತಮ್ಮನಾದ ಎನಾಕ್ಸಪಾರಿನ್, ಎರಡೂ ಹಂದಿಯ ಕರುಳಿನಿಂದ ತೆಗೆದವು. ಪ್ರೊಜೆಸ್ಟರೋನ್ ಕ್ಯಾಪ್ಸೂಲಿನ ಸಿಪ್ಪೆ ಜೆಲಾಟಿನ್ನಿನದು, ಅಂದರೆ ಪ್ರಾಣಿಯ ಎಲುಬು ಚರ್ಮದ್ದು. ಅದೇ ಔಷಧಿ ಜೆಲ್ ರೂಪದಲ್ಲೂ ಇಂಜೆಕ್ಷನ್ನಿನಲ್ಲೂ ಸಿಗುತ್ತದೆ. ಅಂಡ ಬೆಳೆಸುವ ಹಾರ್ಮೋನಿನ ಕತೆ ಇದಕ್ಕಿಂತ ಸ್ವಾರಸ್ಯದ್ದು. ಮುಟ್ಟು ನಿಂತ ಹೆಂಗಸಿನ ಅಂಡಾಶಯ ಮಾತು ಕೇಳದ್ದರಿಂದ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಇನ್ನೂ ಜೋರಾಗಿ ಕೂಗುತ್ತದೆ. ಆ ಕೂಗಿನ ಹಾರ್ಮೋನು ಮೂತ್ರದಲ್ಲಿ ಧಾರಾಳವಾಗಿ ಹರಿದುಹೋಗುತ್ತದೆ. ಇಟಲಿಯ ಸೆರೋನೊ ಕಂಪನಿಯ ಪಿಯೆರೊ ಡೊನೀನಿ 1949ರ ಸುಮಾರಿಗೆ ಅದನ್ನು ಶುದ್ಧಗೊಳಿಸಿದರು. ಲೀಟರುಗಟ್ಟಲೆ ಮೂತ್ರ ಎಲ್ಲಿಂದ ತರುವುದು? ಒಬ್ಬಳೇ ಬಸುರಿಯ ಮೂತ್ರ ಬೆರೆತರೂ ಬೇರೆ ಹಾರ್ಮೋನು ಸೇರಿ ಎಲ್ಲ ಕೆಡುತ್ತದೆ. ವಯಸ್ಸಾದ, ಬಸುರಾಗುವ ಸಂಭವವೇ ಇಲ್ಲದ ನೂರಾರು ಹೆಂಗಸರು ಒಂದೇ ಕಡೆ ಇರುವ ಜಾಗವೆಂದರೆ ಸಂನ್ಯಾಸಿನಿಯರ ವೃದ್ಧಾಶ್ರಮ. ಕಂಪನಿಯ ಆಡಳಿತ ಮಂಡಳಿಯಲ್ಲಿದ್ದ ಜೂಲಿಯೊ ಪಚೆಲ್ಲಿ ಪೋಪ್ 12ನೇ ಪಿಯುಸ್ ಅವರ ಸಂಬಂಧಿ. ಅವರ ನೆರವಿನಿಂದ ಮಠಗಳ ಬಾಗಿಲು ತೆರೆಯಿತು, ಟ್ಯಾಂಕರುಗಳು ಓಡಾಡಿದವು. ಪೆರ್ಗೊನಾಲ್ ಎಂಬ ಆ ಔಷಧಿಯಿಂದ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ. ಕ್ರೈಸ್ತ ಸಂನ್ಯಾಸಿನಿಯರ ಮೂತ್ರದಿಂದ ಯಹೂದಿ ನೆಲದಲ್ಲಿ ಮಡಿಲು ತುಂಬಿತು. ಈಗ ಇದೇ ಹಾರ್ಮೋನನ್ನು ಚೀನಾದ ಹ್ಯಾಮ್ಸ್ಟರ್ ಇಲಿಯ ಅಂಡಾಶಯದ ಕೋಶಗಳಲ್ಲಿ ಬೆಳೆಸುತ್ತಾರೆ. ಮಡಿಯ ಲೆಕ್ಕದಲ್ಲಿ ಮೂತ್ರ ಮೇಲೋ ಇಲಿ ಮೇಲೋ, ಅವರವರು ನಿರ್ಧರಿಸಿಕೊಳ್ಳಲಿ.

ಅದೇ ಚರ್ಚು 1987ರಲ್ಲಿ ‘ಡೋನುಮ್ ವೀತೆ’ ಎಂಬ ದಾಖಲೆ ಹೊರಡಿಸಿ ಐವಿಎಫ್ ಸಲ್ಲದು ಎಂದಿತು. ಗಂಜಾಮಿನಲ್ಲಿ ಅಬ್ಬೆ ದ್ಯುಬುವಾ ಕಟ್ಟಿಸಿದ ಚರ್ಚಿದೆ. ಈ ಫ್ರೆಂಚ್ ಪಾದ್ರಿ 200 ವರ್ಷದ ಹಿಂದೆ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದವನು. ಲಸಿಕೆಗೆ ಚಾಚಿದ ಕೈಯನ್ನು ಚರ್ಚು ಪ್ರನಾಳಕ್ಕೆ ಚಾಚಲಿಲ್ಲ. ಕಾರಣ ಎರಡು. ಮಗು ದಂಪತಿಯ ಕೂಡುವಿಕೆಯಿಂದಲೇ ಹುಟ್ಟಬೇಕು ಎಂಬುದು ಒಂದು. ಅಂಡ ಫಲಿತವಾದ ಕ್ಷಣದಿಂದ ಅದನ್ನು ವ್ಯಕ್ತಿಯಂತೆ ಗೌರವಿಸಬೇಕು ಎಂಬುದು ಇನ್ನೊಂದು. ಈ ಬೋಧನೆಯನ್ನು ಅಕ್ಷರಶಃ ಪಾಲಿಸುವವರಿಗೆ ಗರ್ಭನಾಳದ ಶಸ್ತ್ರಚಿಕಿತ್ಸೆ, ಥೈರಾಯ್ಡ್ ಮತ್ತು ಪಿಸಿಓಡಿಗೆ ಔಷಧಿ, ಫಲವತ್ತಾದ ದಿನಗಳ ಪತ್ತೆ ಇವೆಲ್ಲ ಮುಕ್ತ. ಮೊದಲ ಕಾರಣವನ್ನು ಒಪ್ಪದೆ ಎರಡನೆಯದನ್ನು ಮಾತ್ರ ಒಪ್ಪುವವರೂ ಬೇಕಾದಷ್ಟಿದ್ದಾರೆ, ಹಿಂದೂ ಜೈನ ಮನೆಗಳಲ್ಲೂ ಇದ್ದಾರೆ. ಅವರು ಲ್ಯಾಬಿಗೆ ಹೇಳಬೇಕಾದ ಮಾತು ಒಂದೇ: ಹತ್ತು ಅಂಡ ಸಿಕ್ಕರೂ ಎರಡಕ್ಕೋ ಮೂರಕ್ಕೋ ಮಾತ್ರ ವೀರ್ಯ ಸೇರಿಸಿ, ಉಳಿದವನ್ನು ಅಂಡವಾಗಿಯೇ ಹೆಪ್ಪುಗಟ್ಟಿಸಿಡಿ. ಇಟಲಿ 2004ರಲ್ಲಿ ಮೂರಕ್ಕಿಂತ ಹೆಚ್ಚು ಭ್ರೂಣ ಮಾಡಕೂಡದೆಂದು ಕಾನೂನನ್ನೇ ತಂದಿತ್ತು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಮಿತಿಯನ್ನು ತೆಗೆದುಹಾಕಿತು. ಕಾನೂನಾಗಿ ಅದು ಕ್ರೂರ, ಎಷ್ಟೋ ಹೆಂಗಸರು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಯಿತು. ತಾನಾಗಿ ಆರಿಸಿಕೊಂಡವರಿಗೆ ಅದು ಬೇರೆ ಮಾತು. ಗೆಲ್ಲುವ ಅವಕಾಶ ಸ್ವಲ್ಪ ಇಳಿಯುತ್ತದೆ ಎಂಬುದು ಗೊತ್ತಿರಬೇಕು.

ಎಲ್ಲಕ್ಕಿಂತ ಎತ್ತರದ ಮೆಟ್ಟಿಲು ದಾನಿಯದು. 1980ರಲ್ಲಿ ಈಜಿಪ್ಟಿನ ಮುಫ್ತಿ ಜಾದ್ ಅಲ್ ಹಕ್ ಕೊಟ್ಟ ಫತ್ವಾದ ತಿರುಳನ್ನು ಇಂದಿಗೂ ಸುನ್ನಿ ಜಗತ್ತು ಅನುಸರಿಸುತ್ತದೆ: ಗಂಡನ ವೀರ್ಯ, ಹೆಂಡತಿಯ ಅಂಡ, ಹೆಂಡತಿಯದೇ ಗರ್ಭ, ಮದುವೆ ಜಾರಿಯಲ್ಲಿರುವಾಗ ಎಂದಾದರೆ ಐವಿಎಫ್ ಸರಿ, ಮೂರನೆಯವರು ಬಂದರೆ ಇಲ್ಲ. ಶಿಯಾಗಳಲ್ಲಿ 1999ರಲ್ಲಿ ಇರಾನಿನ ಖಾಮೆನೆಯಿ ಷರತ್ತುಗಳೊಂದಿಗೆ ದಾನಿಗೂ ಬಾಗಿಲು ತೆರೆದರು. ಹಾಗಾಗಿ ಗೌರಿಬಿದನೂರು ತಾಲ್ಲೂಕಿನ ಅಲಿಪುರದ ಶಿಯಾ ಜೋಡಿಗೆ ಸಿಗಬಹುದಾದ ಉತ್ತರ ಶ್ರೀರಂಗಪಟ್ಟಣದ ಸುನ್ನಿ ಜೋಡಿಗೆ ಸಿಗುವುದಿಲ್ಲ. ಹಿಂದೂಗಳಿಗೆ ಇಂಥ ಒಂದು ಪೀಠವಿಲ್ಲ. ಕುಂತಿಯ ಕತೆ ಒಂದು ಕಡೆ, ‘ಯಾವ ಕುಲದ್ದೋ ಏನೋ’ ಎನ್ನುವ ಅತ್ತೆ ಇನ್ನೊಂದು ಕಡೆ. ಗೋತ್ರ ಗಂಡಿನ ವೈ ವರ್ಣತಂತುವಿನಲ್ಲಿದೆ ಎಂದು ವಾದಿಸುವವರು ಸಿಗುತ್ತಾರೆ. ಮದುವೆಯ ದಿನ ಹೆಣ್ಣಿನ ಗೋತ್ರ ಬದಲಾಗುತ್ತದಲ್ಲ, ಅವತ್ತು ಯಾವ ವರ್ಣತಂತು ಬದಲಾಯಿತು ಎಂದು ನಾನು ಕೇಳುತ್ತೇನೆ. ಗೋತ್ರ ಮೊದಲಿನಿಂದಲೂ ಶಾಸ್ತ್ರದಿಂದ ಬಂದದ್ದು, ಶಾಸ್ತ್ರದಿಂದಲೇ ಕೊಡಬಹುದು.

ಕುಂತಿಗೆ ದಾನಿಗಳು ಯಾರೆಂದು ಗೊತ್ತಿತ್ತು. ನಮಗೆ ಗೊತ್ತಾಗುವುದಿಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ದಾನಿಯ ಗುರುತು ಗುಟ್ಟು. ಅಂಡದಾನಿಗೆ 23ರಿಂದ 35 ವರ್ಷ, ಜನ್ಮದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡ ತೆಗೆಯಕೂಡದು. ಹುಟ್ಟಿದ ಮಗು ದಂಪತಿಯದೇ ಜೈವಿಕ ಮಗು ಎಂದು ಕಾನೂನು ಎಣಿಸುತ್ತದೆ, ದಾನಿಗೆ ಹಕ್ಕಿಲ್ಲ. ಪಾಂಡುವಿನ ಪರವಾಗಿಯೇ ತೀರ್ಪು. ತಂಗಿಯ ಅಂಡ ಅಕ್ಕನಿಗೆ, ‘ಗೊತ್ತಿರುವ ರಕ್ತ’ ಎಂಬ ಹಳೆಯ ಏರ್ಪಾಡಿಗೆ ಈ ವ್ಯವಸ್ಥೆಯಲ್ಲಿ ಜಾಗವಿಲ್ಲ. ಮಗುವಿಗೆ ಹೇಳಬೇಕೇ ಎಂಬುದಕ್ಕೆ ಕಾಯ್ದೆ ಬಾಯಿಬಿಡುವುದಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ದಾನಿಗಳ ಗುಟ್ಟು ರದ್ದಾಗಿದೆ. 18 ತುಂಬಿದ ಮಕ್ಕಳು ಕೇಳಿ ತಿಳಿಯಬಹುದು. ಇಲ್ಲಿ ನನಗೆ ಕುಂತಿಯ ಚೊಚ್ಚಲ ಮಗನ ನೆನಪಾಗುತ್ತದೆ, ಹೊಳೆಗೆ ಬಿಟ್ಟವನದು. ಹುಟ್ಟು ಗೊತ್ತಾದಾಗ ಕರ್ಣನಿಗೆ ಯುದ್ಧ ಎದುರಿಗಿತ್ತು. ಉಗುಳಿನ ಹನಿಯಿಂದ ವಂಶ ಹೇಳುವ ಪರೀಕ್ಷೆಗಳು ಅಂಚೆಯಲ್ಲಿ ಓಡಾಡುವ ಈ ಕಾಲದಲ್ಲಿ ಗುಟ್ಟು ಮುಚ್ಚಿಡುತ್ತೇನೆ ಎನ್ನುವವರು ಎಷ್ಟು ವರ್ಷ ಎಂದು ಯೋಚಿಸಬೇಕು.

ದತ್ತು ಎಂಬ ದಾರಿಯನ್ನು ಈ ನೆಲದವರಿಗೆ ಅರಮನೆಯೇ ತೋರಿಸಿದೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದಾಗ ಅಲಮೇಲಮ್ಮ ಕೊಟ್ಟಳೆನ್ನುವ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂಬ ಶಾಪವನ್ನು ಇಲ್ಲಿ ಮಕ್ಕಳೂ ಬಲ್ಲರು. ಶಾಪ ನಿಜವೋ ಸುಳ್ಳೋ, ಅರಮನೆ ದತ್ತು ತೆಗೆದುಕೊಂಡೇ ವಂಶ ನಡೆಸಿತು. 1865ರಲ್ಲಿ ಹಾಗೆ, 2015ರಲ್ಲೂ ಹಾಗೆ. ಹಾಗೆ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದಾಗ ಶಾಪ ಕಳೆಯಿತೆಂದು ಪತ್ರಿಕೆಗಳು ಬರೆದವು. ದತ್ತುಮಗನಿಗೆ ಮಗನಾಗುವುದು ಮೊದಲೂ ನಡೆದಿತ್ತು. 1884ರಲ್ಲಿ ಹುಟ್ಟಿದ ನಾಲ್ವಡಿಯವರು ದತ್ತುಮಗ ಚಾಮರಾಜೇಂದ್ರರ ಸ್ವಂತ ಮಗ. ನಂಬಿಕೆ ತನಗೆ ಬೇಕಾದ ಕೊಂಡಿಗಳನ್ನಷ್ಟೇ ಎಣಿಸುತ್ತದೆ.

ಧರ್ಮದ ಹೆಸರಿನಲ್ಲಿ ಬಂದು ಧರ್ಮವಲ್ಲದ ಒಂದು ಬೇಡಿಕೆಯಿದೆ. ‘ಹೆಂಗೂ ದುಡ್ಡು ಸುರೀತಿದೀವಿ, ಗಂಡೇ ಮಾಡ್ಕೊಡಿ ಸಾರ್.’ ಭ್ರೂಣದ ಲಿಂಗ ಆಯ್ಕೆ 1994ರ ಕಾಯ್ದೆಯಲ್ಲೂ ಹೊಸದರಲ್ಲೂ ಅಪರಾಧ. 2023ರ ಕೊನೆಯಲ್ಲಿ ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ, ಬೆಲ್ಲದ ವಾಸನೆಯ ನಡುವೆ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣು ಭ್ರೂಣ ಪತ್ತೆಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲು ಮಾಡಿದರು. 2024ರ ಮೇನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಗರ್ಭಪಾತ ಮಾಡಿಸುತ್ತಿದ್ದ ಪ್ರಕರಣ ಸಿಕ್ಕಿತು. ಎಂಟು ಕೊಳ ಮಿಂದು ಮಗು ಬೇಡುವ ಜಿಲ್ಲೆಯೇ ಇದು.

ಐವಿಎಫ್ ಶುರುವಾಗುವ ದಿನ ಕೈಗೆ ಬರುವ ಒಪ್ಪಿಗೆ ಪತ್ರಗಳ ಕಂತೆಯಲ್ಲಿ, ಉಳಿದ ಭ್ರೂಣಗಳನ್ನು ಏನು ಮಾಡಬೇಕು ಎಂಬ ಸಾಲು ಇರುತ್ತದೆ. ಕಾಯ್ದೆಯಂತೆ ಹತ್ತು ವರ್ಷದವರೆಗೆ ಹೆಪ್ಪುಗಟ್ಟಿಸಿ ಇಡಬಹುದು. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿ ಒಪ್ಪಿದರೆ ಸಂಶೋಧನೆಗೆ ಕೊಡಬೇಕು. ನೂರು ಕೋಶಗಳ, ಕಣ್ಣಿಗೆ ಕಾಣದಷ್ಟು ಚಿಕ್ಕ ಈ ಚುಕ್ಕೆಗೆ ಯಾವ ಶಾಸ್ತ್ರದಲ್ಲೂ ವಿಧಿಯಿಲ್ಲ. ಹಲ್ಲು ಮೂಡದ ಶಿಶುವನ್ನು ಸುಡದೆ ಹೂಳುವುದು ರೂಢಿ, ಹುಟ್ಟದೇ ಹೋದದ್ದಕ್ಕೆ ರೂಢಿಯೂ ಇಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ದಿನವೂ ಬೂದಿ ಬಿಡುವವರ ಸಾಲು ಕಾಣುತ್ತದೆ, ಅಲ್ಲಿನ ಪುರೋಹಿತರನ್ನು ಕೇಳಿದರೂ ಪಂಚಾಂಗದಲ್ಲಿ ಉತ್ತರ ಸಿಗಲಿಕ್ಕಿಲ್ಲ. ನರ್ಸು ಪೆನ್ನು ಹಿಡಿದು ನಿಂತಿರುತ್ತಾಳೆ. ಹೊರಗೆ ಇನ್ನೂ ಹನ್ನೆರಡು ಜೋಡಿ ಕಾಯುತ್ತಿರುತ್ತವೆ. ‘ಇಲ್ಲೊಂದು ಟಿಕ್ ಹಾಕಿ ಅಮ್ಮ’ ಎನ್ನುತ್ತಾಳೆ. ಈ ಒಂದು ಹಾಳೆಯನ್ನು ಮಾತ್ರ ಮನೆಗೆ ಒಯ್ದು ನಾಳೆ ತಂದುಕೊಡುತ್ತೇವೆ ಎನ್ನಲು ಯಾವ ಕಾನೂನಿನ ಅಡ್ಡಿಯೂ ಇಲ್ಲ.